ಏನು ಬಿಟ್ಟಾರ ನೋಡಿ ಕೊಳ್ರಿ: ಸಿಂಥಸೈಜರ್ ಮನಿಗೆ ಬಂದ ಕಥಿ

ನಮ್ಮ ಮನಿಗೆ ಬಂದವರೆಲ್ಲಾ ಟ್ರೆಜರಿ ಮ್ಯಾಲೆ ಹಳೇ ಸೀರಿ ಸುತ್ತಿಟ್ಟ ಉದ್ದನ್ನ ಗಂಟು ನೋಡಿರತೀರಿ. ವೈನಿ ಅಂತೂ "ಏನವಾ ಇದು, ಇಸ್ತ್ರಿ ಮಾಡೋ ಹಲಗಿ ಏನು?" ಅಂತ ಕೇಳಿದ್ರು. ಅಲ್ಲ ವೈನಿ, ಅದು ಕೀಬೋರ್ಡು. ಮಗಳು ಏಳನೇ ಇಯತ್ತೆ ಇದ್ದಾಗ ಹಠಾ ಮಾಡಿದ್ಲು ಅಂತ ಕೊಡಿಸಿದ್ವಿ. ಅಂಗಡಿಯಾಂವ "ಆರನೂರು ಸೌಂಡ್ ಅದಾವ್ರಿ ಅಕ್ಕಾರ, ಇನ್ನೇನ ಬೇಕು?" ಅಂದಾ. ನಾವೂ ಹೌದಲ್ಲ ಅಂತ ರೊಕ್ಕಾ ಎಣಿಸಿ ಕೊಟ್ವಿ. ಮೂರು ತಿಂಗಳು ಬಾರಿಸಿದ್ಲು, ಆಮ್ಯಾಲೆ ಅದು ಮ್ಯಾಲ ಏರಿ ಕುಂತಿತು.

ಈಗ ಅಕಿ ಪಿಯುಸಿ. ಮತ್ತ ಕೇಳಿದ್ಲು. ಈ ಸಲ ಕೀಬೋರ್ಡ್ ಅಲ್ಲ, ಸಿಂಥಸೈಜರ್ ಬೇಕಂತ. ನಮ್ಮ ಮನಿಯವರು "ಒಂದು ಟ್ರೆಜರಿ ಮ್ಯಾಲೆ ಕುಂತೈತಿ, ಇನ್ನೊಂದು ಎಲ್ಲಿ ಇಡೋಣು?" ಅಂತ ನಕ್ಕರು. ನನಗ ನಗು ಬರಲಿಲ್ಲ. ನಾನು ಅಕಿ ವಯಸ್ಸಿನಾಗ ಪೇಟಿ ಕಲೀತೀನಿ ಅಂತ ಒಮ್ಮೆ ಕೇಳಿದ್ದೆ. "ಗಂಡನ ಮನ್ಯಾಗ ಹೋಗಿ ಕಲಿಯವಂತಿ" ಅಂದ್ರು. ಎರಡನೇ ಸಲ ನಾನು ಕೇಳಲೇ ಇಲ್ಲ. ನನ್ನ ಮಗಳು ಎರಡನೇ ಸಲ ಕೇಳ್ಯಾಳ. ಈ ಸಲಾನೂ ತಪ್ಪು ಸಾಮಾನು ತಂದು ಕೊಟ್ರ ಅಕಿ ಮೂರನೇ ಸಲ ಕೇಳೂದಿಲ್ಲ ಅಂತ ನನಗ ಗೊತ್ತಿತ್ತು.

ಭಿಶಿ ರೊಕ್ಕ 20,000 ಕೈಯಾಗ ಇತ್ತು. ಆದ್ರ ಅಂಗಡಿಯಾಂವನ ಮಾತು ಕೇಳಿ ಮೋಸ ಹೋಗೂದು ಬ್ಯಾಡಂತ, ಈ ಸಾಮಾನು ಎಲ್ಲಿಂದ ಬಂತು, ತುಟ್ಟಿ ಇದ್ದದ್ದು ಸೋವಿ ಹೆಂಗ ಆತು ಅಂತ ಓದಿಕೋತ ಕುಂತೆ. ಓದಿದ ಮ್ಯಾಲೆ ಒಂದು ಮಾತು ತಿಳೀತು. ಪ್ರತಿ ಸಲ ಬೆಲಿ ಇಳದದ್ದು ಏನನ್ನರ ಬಿಟ್ಟಿದ್ದಕ್ಕ. ಏನು ಬಿಟ್ಟಾರ ಅನ್ನೋದು ಗೊತ್ತಾದ್ರ ಏನು ಕೊಳ್ಳಬೇಕು ಅನ್ನೋದು ತಾನ ಗೊತ್ತಾಗತೈತಿ.

ಮೊದಲ ನಮ್ಮ ಪೇಟಿ ಕಥೀನೇ ನೋಡ್ರಿ. ಹಾರ್ಮೋನಿಯಂ ನಮ್ಮದಲ್ಲ. 1840ರ ದಶಕದಾಗ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಅನ್ನಾಂವ ಆ ಹೆಸರಿನ್ಯಾಗ ಪೇಟೆಂಟ್ ಮಾಡಿಸಿದ್ದು. ಅದು ಕಾಲಿಂದ ತಿದಿ ಒತ್ತಿ ಬಾರಿಸೋ ದೊಡ್ಡ ಸಾಮಾನು. ಕಂಪನಿ ನಾಟಕ ನೋಡಿದ ಹಿರ್ಯಾರಿಗೆ ಕಾಲಪೇಟಿ ನೆನಪಿರತೈತಿ, ಪೇಟಿ ಮಾಸ್ತರು ಖುರ್ಚಿ ಮ್ಯಾಲ ಕುಂತು ಬಾರಸ್ತಿದ್ರಲ್ಲ, ಅದ. ಕಲ್ಕತ್ತಾದ ದ್ವಾರಕಾನಾಥ ಘೋಷ್ ಅವರು 1875ರ ಸುಮಾರಿಗೆ ಆ ಕಾಲು ಬಿಟ್ರು. ತಿದಿ ಹಿಂದ ಬಂತು, ಎಡಗೈಯಿಂದ ಗಾಳಿ ಹಾಕಿ ಬಲಗೈಯಿಂದ ಬಾರಿಸೋದಾತು. ನೆಲದ ಮ್ಯಾಲ ಕುಂತು ಹಾಡೋ ನಮ್ಮ ಮಂದಿಗೆ ಅದು ಸರಿ ಹೊಂದಿತು. ಭಜನಿ ಮ್ಯಾಳ, ಕೀರ್ತನಿ, ಸಾಲಿ, ಎಲ್ಲಾ ಕಡೆ ಹೊಕ್ಕೊಂಡು ಬಿಟ್ಟಿತು.

ಆದ್ರ ಪೇಟಿಯೊಳಗ ಮೊದಲಿಂದಾನೂ ಇಲ್ಲದ್ದು ಒಂದಿತ್ತು: ಮೀಂಡ್. ಸಾ ದಿಂದ ರೀ ಕ್ಕ ಗಂಟಲಾ ಜಾರತೈತಿ, ಸಾರಂಗಿ ಜಾರತೈತಿ. ಪೇಟಿ ಮಾತ್ರ ಪಾವಟಿಗಿ ಹತ್ತಿದಂಗ ಒಂದು ಮನಿ ಬಿಟ್ಟು ಇನ್ನೊಂದಕ್ಕ ಜಿಗೀತೈತಿ. ಅದಕ್ಕ 1940ರಾಗ ಆಕಾಶವಾಣಿಯವರು ಪೇಟಿ ಬ್ಯಾಡಂದ್ರು. ಆ ನಿರ್ಬಂಧ ಸಡಿಲ ಆಗಿದ್ದು 1971ಕ್ಕ. ನಮ್ಮ ಧಾರವಾಡ ಆಕಾಶವಾಣಿ ಶುರು ಆಗಿದ್ದು 1950ರಾಗ. ಅಂದ್ರ ಮೊದಲಿನ ಇಪ್ಪತ್ತು ವರ್ಷ ಅಲ್ಲಿ ಪೇಟಿಗೆ ಜಾಗಾ ಇದ್ದಿಲ್ಲ, ಆದ್ರ ಅದೇ ಓಣಿಯೊಳಗ ಮನಿ ಮನಿಯಾಗ ಪೇಟಿ ಬಾರಸ್ತಿದ್ರು. ಈ ಮೀಂಡ್ ಅನ್ನೋ ಮಾತು ತಲ್ಯಾಗ ಇಟ್ಟುಕೊಳ್ರಿ. ಮುಂದ ಬೇಕಾಗತೈತಿ.

ಸಿಂಥಸೈಜರ್ ಅಂದ್ರ ಏನು? ನನಗ ತಿಳಿದ ಹಂಗ ಹೇಳ್ತೀನಿ. ಕೀಬೋರ್ಡ್ ಅಂದ್ರ ಅಂಗಡಿಯಿಂದ ತಂದ ರೆಡಿ ಚಟ್ನಿಪುಡಿ. ಸಿಂಥಸೈಜರ್ ಅಂದ್ರ ಮಸಾಲಿ ಡಬ್ಬಿ. ಅದರಾಗ ಮೊದಲ ಆಸಿಲೇಟರ್ ಅನ್ನೋದು ವಿದ್ಯುತ್ತಿನಿಂದ ಒಂದು ಹಸೀ ನಾದ ಹುಟ್ಟಸತೈತಿ, ಕೇಳಾಕ ಒರಟ. ಫಿಲ್ಟರ್ ಅನ್ನೋದು ಜರಡಿ. ನಾದದೊಳಗಿನ ಚೂಪನ್ನ ಅಂಶ ಸೋಸಿ ಮೆತ್ತಗ ಮಾಡತೈತಿ. ಎನ್ವೆಲಪ್ ಅನ್ನೋದು ನಾದ ಹೆಂಗ ಬರಬೇಕು, ಹೆಂಗ ಹೋಗಬೇಕು ಅಂತ ಹೇಳತೈತಿ. ಒಗ್ಗರಣಿ ಚುರ್ ಅಂದಂಗ ಒಮ್ಮೆಲೆ ಬರಬೇಕೋ, ಹಾಲು ಉಕ್ಕಿದಂಗ ಸಾವಕಾಶ ಏರಬೇಕೋ. ಈ ಮೂರನ್ನ ತಿರುವಿ ತಿರುವಿ ನಮ್ಮ ಸೌಂಡ್ ನಾವ ಮಾಡಿಕೊಳ್ಳೋದು.

1964ರಾಗ ಅಮೆರಿಕಾದ ರಾಬರ್ಟ್ ಮೋಗ್ ಅನ್ನೋ ಎಂಜಿನಿಯರ್ ಇಂಥಾದ್ದರ ಮೊದಲ ಮಾದರಿ ಮಾಡಿದ್ರು. ಒಂದು ಕಪಾಟಿನಷ್ಟು ದೊಡ್ಡದು, ಮುಂದ ಶಾವಿಗಿ ಹರವಿದಂಗ ವೈರು. ಇಂಥಾ ಒಂದು ಮೋಗ್ 1969ರಾಗ ನಮ್ಮ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಡೇವಿಡ್ ಟ್ಯೂಡರ್ ಅನ್ನೋ ಅಮೆರಿಕಾದ ಸಂಗೀತಗಾರ ಬಂದು ಸ್ಟುಡಿಯೋ ಜೋಡಿಸಿ ಕೊಟ್ರು. ಅದರ ಮ್ಯಾಲ ಕೆಲಸಾ ಮಾಡಿದವರೊಳಗ ಗೀತಾ ಸಾರಾಭಾಯಿ ಒಬ್ರು. ಹೆಣ್ಣಮಕ್ಕಳು ಪಖವಾಜ್ ಮುಟ್ಟದ ಕಾಲದಾಗ ಪಖವಾಜ್ ಕಲಿತಾಕಿ, 1946ರಾಗ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಅನ್ನೋ ಹೆಸರಾಂತ ಸಂಗೀತಗಾರಗ ನಮ್ಮ ಸಂಗೀತದ ಪಾಠಾ ಹೇಳಿದಾಕಿ. ಈ ಸಾಮಾನು ಗಂಡಮಕ್ಕಳದ್ದು ಅಂತ ಯಾರರ ಅಂದ್ರ ಆಕಿ ಹೆಸರು ಹೇಳ್ರಿ.

ಕಪಾಟು ಮನಿಗೆ ಬರೂದಿಲ್ಲಲ್ಲ. 1970ರಾಗ ಮೋಗ್ ಕಂಪನಿ ಮಿನಿಮೋಗ್ ತಂತು. ವೈರು ಬಿಟ್ರು, ಜೋಡಣಿ ಒಳಗ ಮಾಡಿ ಮುಗಿಸಿದ್ರು. ಕೈಯಾಗ ಎತ್ತಿಕೊಂಡು ಹೋಗೂವಷ್ಟು ಆತು. ಬೆಲಿ ಸುಮಾರು 1,500 ಡಾಲರ್, ಅಂದ್ರ ಆವಾಗೂ ತುಟ್ಟೀನ. ಒಮ್ಮೆಗೆ ಒಂದ ಸ್ವರ ನುಡೀತಿತ್ತು. ಆದ್ರ ಎಡಗಡೆ ಒಂದು ಗಾಲಿ ಇಟ್ಟಿದ್ರು. ಅದನ್ನ ಹೆಬ್ಬೆರಳಿನಿಂದ ದೂಡಿದ್ರ ಸ್ವರ ಮ್ಯಾಲ ಕೆಳಗ ಜಾರತೈತಿ. ಗ್ಲೈಡ್ ಅನ್ನೋ ಗುಂಡಿ ತಿರುವಿದ್ರ ಒಂದು ಮನಿಯಿಂದ ಇನ್ನೊಂದಕ್ಕ ಸ್ವರ ತಾನ ಎಳಕೊಂಡು ಹೋಗತೈತಿ. ನಮ್ಮ ಪೇಟಿಯಾಗ ಇಲ್ಲದ ಮೀಂಡ್ ಇಲ್ಲಿ ಇತ್ತು ನೋಡ್ರಿ! ಒಂದ ಸ್ವರ ಅನ್ನೋದು ಅವರಿಗೆ ಕೊರತಿ, ಯಾಕಂದ್ರ ಅವರ ಸಂಗೀತ ನಾಕೈದು ಸ್ವರ ಕೂಡಿಸಿ ಬಾರಿಸೋದು. ನಮಗ ಏನು ಕೊರತಿ? ನಾವು ಹಾಡೋದ ಒಂದು ಸ್ವರ, ಹಿಂದ ತಂಬೂರಿ.

ಇದನ್ನ ಅಗದಿ ಛಲೋ ತೋರಿಸಿಕೊಟ್ಟಾಂವ ಮುಂಬೈದ ಚರಣಜಿತ್ ಸಿಂಗ್, ಸಿನಿಮಾ ಹಾಡಿಗೆ ಬಾರಿಸೋ ಸಂಗೀತಗಾರ. ಜಪಾನಿನ ರೋಲ್ಯಾಂಡ್ ಕಂಪನಿ 1981ರಾಗ ಟಿಬಿ-303 ಅಂತ ಒಂದು ಸಣ್ಣ ಪೆಟಗಿ ತಂದಿತ್ತು, ಸುಮಾರು 400 ಡಾಲರಿಗೆ. ಬಾಸ್ ಗಿಟಾರ್ ಬಾರಿಸೋರ ಬದಲಿಗೆ ಇರಲಿ ಅಂತ ಮಾಡಿದ್ದು. ಆದ್ರ ಗಿಟಾರಿನಂಗ ಕೇಳಲಿಲ್ಲ, ಮಂದಿ ಕೊಳ್ಳಲಿಲ್ಲ, 1984ಕ್ಕ ನಿಲ್ಲಿಸಿದ್ರು. ಅದರಾಗ ಒಂದು ಗುಣಾ ಇತ್ತು, ಸ್ವರದಿಂದ ಸ್ವರಕ್ಕ ಜಾರೋದು. 1982ರಾಗ ಚರಣಜಿತ್ ಸಿಂಗ್ ಅದನ್ನ ಒಂದು ದೊಡ್ಡ ಸಿಂಥಸೈಜರ್, ಒಂದು ಡ್ರಮ್ ಪೆಟಗಿ ಜೋಡಿ ಕೂಡಿಸಿ ಹತ್ತು ರಾಗಗಳ ಒಂದು ರೆಕಾರ್ಡ್ ಮಾಡಿದ್ರು. ಆವಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಐದು ವರ್ಷದ ಮ್ಯಾಲೆ ಶಿಕಾಗೋದ ಹುಡುಗರು ಅದೇ ಟಿಬಿ-303 ಹಳೇದು ಸೋವಿಯಾಗ ತಂದು ಹೊಸಾ ಕುಣಿತದ ಸಂಗೀತಾನ ಹುಟ್ಟಿಸಿದ್ರು. ಆಮ್ಯಾಲೆ 2010ರಾಗ ಮುಂಬೈದ ರೆಕಾರ್ಡ್ ಮತ್ತ ಹೊರಗ ಬಂದಾಗ ಜಗತ್ತು ಬಾಯಿ ಮ್ಯಾಲ ಬಟ್ಟಿಟ್ಟಿತು.

ಹಂಗಾದ್ರ ನಮ್ಮ ಟ್ರೆಜರಿ ಮ್ಯಾಲಿನ ಕೀಬೋರ್ಡು ಯಾವ ವಂಶದ್ದು? ಅದರ ಹಿರ್ಯಾರು ಜಪಾನಿನ ಕ್ಯಾಸಿಯೋದವರು. ಲೆಕ್ಕದ ಕ್ಯಾಲ್ಕುಲೇಟರ್ ಮಾಡ್ತಿದ್ದ ಕಂಪನಿ 1980ರಾಗ ಮನಿ ಮಂದಿ ಸಲುವಾಗಿ ಕೀಬೋರ್ಡ್ ಶುರು ಮಾಡಿತು. ಅವರು ಬಿಟ್ಟದ್ದು ತಿರುವೋ ಗುಂಡಿಗಳನ್ನ. ಸೌಂಡ್ ಎಲ್ಲಾ ಕಂಪನಿಯವರ ಮಾಡಿ ಇಟ್ಟಿರತಾರ, ನಾವು ಆರಿಸಿಕೊಳ್ಳೋದಷ್ಟ. 1983ರಾಗ ಯಮಾಹಾದ ಡಿಎಕ್ಸ್7 ಬಂದ ಮ್ಯಾಲೆ ಸುಮಾರು 2,000 ಡಾಲರಿನ ದೊಡ್ಡ ಸಿಂಥಸೈಜರಿನ್ಯಾಗೂ ಗುಂಡಿ ಹೋಗಿ ಬರೇ ಬಟನ್ ಉಳದ್ವು. ಸೌಂಡ್ ಮಾಡೋದು ಕಠಿಣ ಆಗಿ, ಭಾಳ ಮಂದಿ ಒಳಗ ಇದ್ದದ್ದನ್ನ ಬಾರಸಾಕ ಹತ್ತಿದ್ರು.

ಹಂಗಂತ ರೆಡಿ ಸೌಂಡನ್ನ ಹೀಗಳೀಬ್ಯಾಡ್ರಿ. ಕ್ಯಾಸಿಯೋಕ್ಕ 1980ರಾಗ ಕಾಲೇಜ್ ಮುಗಿಸಿ ಕೆಲಸಕ್ಕ ಸೇರಿದ ಒಬ್ಬ ಹುಡುಗಿ ಇದ್ಲು, ಒಕುಡಾ ಹಿರೋಕೋ ಅಂತ. ಕಾಲೇಜಿನ್ಯಾಗ ಜಮೈಕಾದ ರೆಗ್ಗೆ ಸಂಗೀತದ ಮ್ಯಾಲ ಪ್ರಬಂಧ ಬರದಾಕಿ. ಎಂಟಿ-40 ಅನ್ನೋ ಸೋವಿ ಕೀಬೋರ್ಡಿನ್ಯಾಗ ರಾಕ್ ಅಂತ ಒಂದು ತಾಳದ ಬಟನ್ ಐತಿ, ಅದರ ನಡಿಗಿ ಕೂಡಿಸಿದಾಕಿ ಆಕೀನ. 1985ರಾಗ ಜಮೈಕಾದ ವೇಯ್ನ್ ಸ್ಮಿತ್ ಅನ್ನೋ ಹಾಡುಗಾರ ಆ ಬಟನ್ ಒತ್ತಿ, ಕಿಂಗ್ ಜ್ಯಾಮಿ ಅನ್ನಾಂವ ಅದರ ಲಯ ಇಳಿಸಿ, ಒಂದು ಹಾಡು ಮಾಡಿದ್ರು. ಅಲ್ಲಿಂದ ಇಡೀ ದೇಶದ ಸಂಗೀತ ಬದಲಾತು. ಅಲ್ಲಿಂದ ಕಲಿತ ತಾಳ ಪೆಟಗಿಯೊಳಗ ಕುಂತು ತಿರುಗಿ ಅಲ್ಲಿಗೇ ಹೋತು ನೋಡ್ರಿ.

ನಮ್ಮ ಕಡೇನೂ ಇಂಥಾ ಜಾಣತನ ಆಗೈತಿ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್, ತಾವೂ ಕೊಳಲು ನುಡಿಸೋರು, 1970ರ ದಶಕದ ಕೊನಿಗೆ ರೆಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗಿ, ತಂಬೂರಿ ಮಾಡಿ ಕೊಟ್ರು. ರಾಗ ಬಿಟ್ರು, ತಾನ ಬಿಟ್ರು, ಬರೇ ಶ್ರುತಿ ಇಟ್ಟುಕೊಂಡ್ರು. ಸಂಗೀತ ಕಲಿಯೋ ಮನಿಯಾಗ ಅದಿಲ್ಲದಿದ್ರ ಮುಂಜಾನಿ ಆಗೂದಿಲ್ಲ.

ಇನ್ನ ಕೊಳ್ಳೋ ಮಾತು. 2013ರಾಗ ಕೋರ್ಗ್ ಕಂಪನಿ ವೋಲ್ಕಾ ಅಂತ ಅಂಗೈ ಎರಡರಷ್ಟು ಪೆಟಗಿಗಳನ್ನ ಸುಮಾರು 150 ಡಾಲರಿಗೆ ತಂದ ಮ್ಯಾಲೆ ತಿರುವೋ ಗುಂಡಿ ಮತ್ತ ಸಾಮಾನ್ಯರ ಮನಿಗೆ ಬಂದ್ವು. ಬಿಟ್ಟದ್ದು ಖರೇ ಕೀಗಳನ್ನ, ಬೆರಳು ಮುಟ್ಟಿಸೋ ಪಟ್ಟಿ ಅಷ್ಟ ಇರತೈತಿ. ಅದ ಕಂಪನಿಯ ಮೊನೊಲಾಗ್‌ಗೆ 25 ಸಣ್ಣ ಕೀ ಅದಾವ, ಒಂದ ಸ್ವರ, ಜಾರಿಸೋ ಹಿಡಿಕಿ ಐತಿ, ಸ್ವರಗಳ ಶ್ರುತಿ ಸೂಕ್ಷ್ಮವಾಗಿ ಏರಿಸಿ ಇಳಿಸಾಕೂ ಬರತೈತಿ. ಬಿಟ್ಟದ್ದು ಸ್ಪೀಕರ್.

ನಾನು ಮಗಳಿಗೆ ನಾಕು ಮಾತು ಕೇಳಿದೆ. ನೀವೂ ಕೇಳ್ರಿ.

ಒಂದು, ಏನು ಬಾರಿಸಾಕಿ? ಸಿನಿಮಾ ಹಾಡಿಗೆ ಕಾರ್ಡ್ ಹಿಡಿಯೋದಿದ್ರ ನಾಕು ಸ್ವರಾನರ ಒಮ್ಮೆಗೆ ಬರಬೇಕು, ಆವಾಗ ಒಂದ ಸ್ವರದ್ದು ತರಬ್ಯಾಡ್ರಿ. ರಾಗ, ವಚನ, ಭಾವಗೀತಿ ಆದ್ರ ಒಂದ ಸಾಕು.

ಎರಡು, ಜಾರತೈತೋ ಇಲ್ಲೋ? ಇದನ್ನ ಬಿಟ್ಟದ್ದನ್ನ ನಮ್ಮ ಹಾಡಿಗೆ ತರಬ್ಯಾಡ್ರಿ.

ಮೂರು, ಗುಂಡಿ ಮ್ಯಾಲ ಅದಾವೋ, ಪರದೆಯೊಳಗ ಹುಡುಕಬೇಕೋ? ಕಲಿಯೋರಿಗೆ ಕಣ್ಣಿಗೆ ಕಾಣೋ ಗುಂಡೀನ ಛಲೋ.

ನಾಕು, ಮತ್ತೇನು ಕೊಳ್ಳಬೇಕು? ಸ್ಪೀಕರ್, ಅಡಾಪ್ಟರ್, ಕೇಬಲ್ ಲೆಕ್ಕದಾಗ ಹಿಡೀರಿ.

ನಮ್ಮ ಮನಿಯವರು "ಫೋನಿನ್ಯಾಗ ಪುಕ್ಕಟ ಆ್ಯಪ್ ಸಿಗತಾವ" ಅಂದ್ರು. ಖರೇನ ಅಂದ್ರು. ಅದಕ್ಕ ಮೊದಲ ಎರಡು ತಿಂಗಳು ಫೋನಿನ ಮ್ಯಾಲ ಬಾರಿಸು ಅಂದೆ. ಬಾರಿಸಿದ್ಲು, ಬಿಡಲಿಲ್ಲ. ಆದ್ರ ನಡುವ ಫೋನ್ ಬರೋದು, ಮೆಸೇಜ್ ಬರೋದು. ಪೆಟಗಿಗೆ ಒಂದ ಕೆಲಸ, ಅದಕ್ಕ ಯಾರೂ ಫೋನ್ ಹಚ್ಚೂದಿಲ್ಲ.

ಕಡಿಗೆ ಒಬ್ಬ ಕಾಲೇಜ್ ಹುಡುಗನ ಕಡೆ ಹಳೇ ಮೊನೊಲಾಗ್ ಸಿಕ್ತು. ಹಳೇದು ಕೊಳ್ಳೋವಾಗ ಪ್ರತಿ ಗುಂಡಿ ತಿರುವಿ ನೋಡ್ರಿ, ಖರ ಖರ ಅಂದ್ರ ಒಳಗ ಧೂಳು ಐತಿ. ಪ್ರತಿ ಕೀ ಒತ್ತಿ ನೋಡ್ರಿ. ಸೆಲ್ ಹಾಕೋ ಜಾಗಾ ತಗದು ಹಸರು ಜಂಗು ಐತೇನು ನೋಡ್ರಿ. ಭಿಶಿ ರೊಕ್ಕದಾಗ ಅಡಾಪ್ಟರ್, ಕೇಬಲ್ಲೂ ಬಂದ್ವು, ಸ್ಪೀಕರಿಗೆ ಟಿವಿ ಕೆಳಗಿನ ಹಳೇ ಹೋಮ್ ಥೇಟರ್ ಆತು.

ಮೊನ್ನೆ ಸಂಜೀಮುಂದ ಮಗಳು ತಂಬೂರಿ ಹಚ್ಚಿ ಯಮನ್ ಬಾರಸಾಕತ್ತಿದ್ಲು. ನಿ ದಿಂದ ಸಾ ಕ್ಕ ಹಿಡಿಕಿ ದೂಡಿ ಜಾರಿಸಿದ್ಲು. ಒಳಗ ಜ್ವಾಳಾ ಹಸನ ಮಾಡಾಕತ್ತಿದ್ದ ನಮ್ಮತ್ತಿ ಮರಾ ಕೆಳಗ ಇಟ್ಟು ಬಾಗಲಕ್ಕ ಬಂದು ನಿಂತ್ರು. "ಆ ದೊಡ್ಡದು ಬರೇ ಒದರತಿತ್ತು ನೋಡವಾ. ಇದು ಹಾಡತೈತಿ" ಅಂದ್ರು.

ದೊಡ್ಡದನ್ನ ಟ್ರೆಜರಿಯಿಂದ ಇಳಿಸಿ ಒರಸಿ ಬಾಜೂ ಮನಿ ಹುಡುಗಗ ಕೊಟ್ವಿ. ಅಂವಗ ಸಿನಿಮಾ ಹಾಡ ಬೇಕು, ಅಂವಗ ಅದು ಬರೋಬ್ಬರಿ ಹೊಂದೈತಿ. ಸಾಮಾನು ಕೆಟ್ಟದ್ದಿದ್ದಿಲ್ಲ, ನಾವು ಕೇಳಬೇಕಾದ್ದು ಕೇಳಿದ್ದಿಲ್ಲ.

ಮಗಳು ಮನ್ಯಾಗ ಇಲ್ಲದಾಗ ನಾನೂ ಒಂದೊಂದು ಬೆರಳು ಇಟ್ಟು ಸಾ ರೀ ಗಾ ಬಾರಸ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ. ಬಂದಾಗ ನೀವೂ ಬಾರಿಸಿ ನೋಡವಂತ್ರಿ, ಚಾ ಇಟ್ಟಿರತೀನಿ.