ಮಾಳಿಗೆಯ ಮುಪ್ಪು

ಮನೆಗೆ ಗೋಡೆಯೇ ಬಲವೆಂದು ಭಾವಿಸುವುದು ವಾಡಿಕೆ. ಆದರೆ ಬಿಸಿಲು, ಗಾಳಿ, ಮಳೆಗಳಿಗೆ ಮೊದಲು ಮೈಯೊಡ್ಡುವುದು ಚಾವಣಿ. ಮನೆಯ ಅಂಗಗಳಲ್ಲಿ ಮೊದಲು ಮುದಿಯಾಗುವುದೂ ಅದೇ. ಅದನ್ನು ಎಲ್ಲಿಯವರೆಗೆ ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು, ಎಂದು ಕಳಚಿ ಹೊಸದನ್ನೇ ಹಾಕಬೇಕು ಎಂಬ ಪ್ರಶ್ನೆ ಪ್ರತಿಯೊಬ್ಬ ಗೃಹಸ್ಥನಿಗೂ ಒಂದಲ್ಲ ಒಂದು ದಿನ ಎದುರಾಗುವುದು. ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಮನೆಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉತ್ತರ ತಿಳಿಯುತ್ತದೆ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರಿನ ಆಸುಪಾಸು; ಆಗುಂಬೆಯ ಮಳೆಯಲ್ಲಿ ಇದು ಹತ್ತನೆಯ ಒಂದು ಪಾಲು. ಆದುದರಿಂದ ಮಲೆನಾಡಿನವರಂತೆ ಕಡಿದಾದ ಇಳಿಜಾರು ಇಲ್ಲಿ ಅವಶ್ಯವಾಗಲಿಲ್ಲ. ಬಡವರು ಹುಲ್ಲನ್ನೋ ತೆಂಗಿನ ಗರಿಯನ್ನೋ ಹೊದಿಸಿದರು. ಅನುಕೂಲವುಳ್ಳವರು ಮಣ್ಣಿನ ಮಾಳಿಗೆಯನ್ನು ಕಟ್ಟಿದರು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಿದಿರಿನ ದಬ್ಬೆ ಅಥವಾ ಮರದ ಚಕ್ಕೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ತುಳಿದು ಬಡಿದ ಮಣ್ಣು. ಮೇಲ್ಪದರಕ್ಕೆ ಕರಲು ಮಣ್ಣನ್ನು ಆರಿಸುತ್ತಿದ್ದುದರಲ್ಲಿ ಒಂದು ಜಾಣತನವುಂಟು. ಕ್ಷಾರವುಳ್ಳ ಆ ಮಣ್ಣು ನೆನೆದೊಡನೆ ನುಣ್ಣಗೆ ಕದಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಅದರಲ್ಲಿ ಹುಲ್ಲೂ ಸುಲಭವಾಗಿ ಬೆಳೆಯದು.

ಪ್ರತಿ ವರ್ಷವೂ ಭರಣಿ, ಕೃತ್ತಿಕೆಯ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಬೀಳುತ್ತಿತ್ತು. ಈ ಒಳ್ಳೆಯ ಪದ್ಧತಿಯಲ್ಲಿಯೇ ಒಂದು ಅಪಾಯವೂ ಅಡಗಿತ್ತು. ಹಳೆಯ ಪದರವನ್ನು ಕೆರೆದು ತೆಗೆಯದೆ ಹೊಸ ಮಣ್ಣನ್ನು ಹೇರುತ್ತ ಹೋದರೆ ಮಾಳಿಗೆ ಸೋರುವುದು ನಿಲ್ಲುವುದು, ಆದರೆ ಭಾರ ಬೆಳೆಯುವುದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದೇ ಅಂಗುಲ ದಪ್ಪದ ಒದ್ದೆ ಮಣ್ಣು ಸುಮಾರು 400 ಕಿಲೋಗ್ರಾಂ ತೂಗುತ್ತದೆ. ತಾತನು ಇರಿಸಿದ ತೊಲೆಯ ಮೇಲೆ ಮೊಮ್ಮಗನ ಕಾಲಕ್ಕೆ ಎಷ್ಟು ಭಾರ ಸೇರಿರಬಹುದೆಂಬುದನ್ನು ನಾವೇ ಎಣಿಸಿಕೊಳ್ಳಬಹುದು. ಅಷ್ಟರಲ್ಲಿ ಗೋಡೆಯೊಳಗೆ ಹುದುಗಿದ ತೊಲೆಯ ತುದಿ ತೇವಕ್ಕೆ ಕೊಳೆತು, ಗೆದ್ದಲಿಗೆ ಆಹಾರವಾಗಿರುತ್ತದೆ. ಈ ಸೀಮೆಯಲ್ಲಿ ಮಳೆಯ ಜೋರು ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿ ಹೆಚ್ಚು. ಮುಂಗಾರಿನಿಂದಲೇ ನೆನೆದಿದ್ದ ಮಾಳಿಗೆ ಉತ್ತೆ, ಹಸ್ತ, ಚಿತ್ತೆಯ ಜಡಿಮಳೆಗೆ ಒಂದು ರಾತ್ರಿ ಕುಸಿದರೆ, ಕೆಳಗೆ ಮಲಗಿದವರಿಗೆ ಏಳುವ ಅವಕಾಶವಿರದು.

ಹೆಂಚಿನ ಚರಿತ್ರೆ ಬೇರೆ. ಕುಂಬಾರನು ತಿಗರಿಯ ಮೇಲೆ ಕೊಳವೆಯಾಗಿ ತಿರುಗಿಸಿ, ಎರಡಾಗಿ ಸೀಳಿ ಸುಟ್ಟ ನಾಡಹೆಂಚು ಮೊದಲಿನದು. ಗಾಳಿ, ಬೆಕ್ಕು, ಕೋತಿಗಳಿಂದ ಅದು ಜಾರುತ್ತಿದ್ದುದರಿಂದ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು ಅನಿವಾರ್ಯವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದರ ಅಂಚು ಮತ್ತೊಂದರಲ್ಲಿ ಕೂಡಿಕೊಳ್ಳುವ ಆ ಹೆಂಚಿಗೆ ಬಹು ಬೇಗ ಕೀರ್ತಿ ಬಂದಿತು. ಮಂಗಳೂರು ಹೆಂಚು ಎಂಬುದು ಊರಿನ ಗುರುತಾಗಿ ಉಳಿಯದೆ ಒಂದು ಆಕಾರದ ಹೆಸರಾಯಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನನು ಬಂದಾಗಲೇ ಗುಬ್ಬಿ ವ್ಯಾಪಾರದ ಊರಾಗಿತ್ತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದು, ಹಾದಿ ಗುಬ್ಬಿಯ ಕಡೆಗೂ ಮುಂದುವರಿದ ಮೇಲೆ ಭಾರವಾದ ಸಾಮಾನುಗಳ ಸಾಗಣೆ ಸುಲಭವಾಯಿತು. ಕುಣಿಗಲಿಗೆ ರೈಲು ಬಂದುದು 2017ರಲ್ಲಿ. ಅಲ್ಲಿಯವರೆಗೆ ಅದು ಗಾಡಿಯ ಹಾದಿಯನ್ನೂ ಆಮೇಲೆ ಲಾರಿಯನ್ನೂ ನೆಚ್ಚಬೇಕಾಯಿತು.

ಕಲ್ಲಿನ ಚಾವಣಿಗೆ ಸಾವಿಲ್ಲವೆಂದು ಕೆಲವರು ಹೇಳುವುದುಂಟು. ತುಮಕೂರಿಗೆ ಸಮೀಪದ ಕೈದಾಳದಲ್ಲಿ 12ನೆಯ ಶತಮಾನದ ಚೆನ್ನಕೇಶವ ದೇವಾಲಯ ಇಂದಿಗೂ ನಿಂತಿದೆ. ಆದರೆ ಚಪ್ಪಡಿ ಕೊಳೆಯದಿದ್ದರೂ ಚಪ್ಪಡಿಗಳ ನಡುವಣ ಗಾರೆ ಸವೆಯುತ್ತದೆ. ಆ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಬೆರಳಿನಷ್ಟಿರುವಾಗಲೇ ಬೇರುಸಹಿತ ಕಿತ್ತರೆ ಗಾರೆ ತುಂಬಿ ಸರಿಪಡಿಸಬಹುದು. ತೋಳಿನಷ್ಟಾದ ಮೇಲೆ ಚಪ್ಪಡಿಯನ್ನೇ ಎತ್ತಬೇಕಾಗುವುದು.

ಇಂದು ಮೂರು ಊರುಗಳಲ್ಲಿಯೂ ಕಾಂಕ್ರೀಟಿನ ತಾರಸಿಯೇ ಸಾಮಾನ್ಯ. ಅದಕ್ಕೂ ಮುಪ್ಪುಂಟು. ಒಳಗಿನ ಉಕ್ಕಿನ ಸರಳು ತುಕ್ಕು ಹಿಡಿದಾಗ ಆ ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಗಾರೆಯನ್ನು ಸಿಡಿಸುತ್ತದೆ. ಸರಳಿನ ನೇರಕ್ಕೆ ಬಿರುಕು, ಕಂದು ಬಣ್ಣದ ಕಲೆ, ಉದುರುವ ಚಕ್ಕೆಗಳು ಇದರ ಲಕ್ಷಣ. ಅದರ ಮೇಲೆ ತಗಡು ಹೊದಿಸಿದರೆ ಹೊಸ ನೀರು ನಿಲ್ಲಬಹುದು. ಹಿಡಿದ ತುಕ್ಕು ಹಾಗೆಯೇ ಉಳಿಯುವುದು.

ಈ ಚರಿತ್ರೆಯಿಂದ ಒಂದು ಸೂತ್ರ ಹೊರಡುತ್ತದೆ. ಸೋರುವುದು ಸಾಮಾನ್ಯವಾಗಿ ಹೊದಿಕೆಯ ದೋಷ, ಬಾಗುವುದು ಎಲುಬಿನ ದೋಷ. ಒಡೆದ ಹೆಂಚನ್ನು ಬದಲಿಸಬಹುದು, ಮಣ್ಣನ್ನು ಕೆರೆದು ಹೊಸದಾಗಿ ಬಡಿಯಬಹುದು, ಸಂದಿಗೆ ಗಾರೆ ತುಂಬಬಹುದು. ಆದರೆ ತೊಲೆ ಬಗ್ಗಿದ್ದರೆ, ಬಡಿದಾಗ ಅದು ಟೊಳ್ಳು ದನಿ ಕೊಟ್ಟರೆ, ಜಂತೆಯಿಂದ ಹುಡಿ ಉದುರಿದರೆ, ಚಾವಣಿಯ ನೆತ್ತಿ ತಗ್ಗಿದ್ದರೆ, ತೊಲೆ ಕೂತ ಕಡೆ ಗೋಡೆ ಬಿರಿದಿದ್ದರೆ ತೇಪೆಯ ಕಾಲ ಮುಗಿಯಿತೆಂದು ತಿಳಿಯಬೇಕು. ಅನುಭವಿಯಾದ ಬಡಗಿಯನ್ನು, ತಾರಸಿಯಾದರೆ ತಿಳಿದ ಇಂಜಿನಿಯರನ್ನು, ಕರೆಸಿ ತೋರಿಸುವುದು ಉಚಿತ.

ಸೋರುವ ಮನೆ ತನ್ನ ನೋವನ್ನು ಹನಿಹನಿಯಾಗಿ ಹೇಳಿಕೊಳ್ಳುತ್ತದೆ. ಬಾಗಿದ ತೊಲೆ ಮೌನವಾಗಿರುತ್ತದೆ. ಆದುದರಿಂದ ಭರಣಿ ಮಳೆಗೆ ಮುಂಚೆ ಒಮ್ಮೆ, ಉತ್ತೆ ಮಳೆಗೆ ಮುಂಚೆ ಮತ್ತೊಮ್ಮೆ, ಹೊದಿಕೆಯ ಜೊತೆಗೆ ತೊಲೆ ಜಂತೆಗಳನ್ನೂ ತಲೆಯೆತ್ತಿ ನೋಡುವುದು ನಮ್ಮೆಲ್ಲರ ಮನೆಗಳಿಗೂ ಕ್ಷೇಮ.