ಟವರ್ ಸಿಗದ ಮನೆಗೆ ವೈಫೈ ಕಾಲು

ಗುಜರಾತಿಗಳು ಮೊಬೈಲ್ ಸಿಗ್ನಲ್ಲಿಗೆ 'ಟಾವರ್' ಅಂತಾರೆ. "ಭಾಯ್, ಟಾವರ್ ನಥೀ ಆವ್ತು" ಅಂತ ಕೂಗುತ್ತಾ ಅಂಗಡಿಯಿಂದ ರಸ್ತೆಗೆ ಓಡಿ ಬರುವವರನ್ನು ಸೂರತ್ತಿನ ರಿಂಗ್ ರೋಡಿನ ಜವಳಿ ಮಾರ್ಕೆಟ್ಟಿನಲ್ಲಿ ಎಷ್ಟು ಸಲ ನೋಡಿದ್ದೇನೋ. ನಮ್ಮ ಮಲೆನಾಡಿನಲ್ಲೂ ಅದೇ ಮಾತು, "ಟವರ್ ಇಲ್ಲ ಮಾರಾಯ". ಭಾಷೆ ಎರಡಾದರೂ ಕಷ್ಟ ಒಂದೇ. ಆ ಕಷ್ಟಕ್ಕೆ ಈಚೆಗೆ ಸಿಕ್ಕಿರುವ ಮದ್ದು ವೈಫೈ ಕಾಲಿಂಗ್. ಅದು ಎಲ್ಲಿಂದ ಬಂತು, ನಮ್ಮಂಥ ಊರು ಬಿಟ್ಟವರಿಗೆ ಅದರಿಂದ ಏನಾಯಿತು ಅಂತ ಬರೆಯೋಣ ಅನ್ನಿಸಿತು. ಬಿಕಾಂ ಓದಿದ ಬ್ಯಾಂಕಿನವನಿಗೆ ಟೆಲಿಫೋನಿನ ಇತಿಹಾಸ ಯಾಕೆ ಅಂತೀರಾ? ಮೂವತ್ತು ವರ್ಷಕ್ಕೂ ಮೇಲೆ ಸೂರತ್, ವಡೋದರಾ, ಅಹಮದಾಬಾದುಗಳಿಂದ ಊರಿಗೆ ಫೋನು ಮಾಡಿದವನು ನಾನು. ಅಷ್ಟರ ಮಟ್ಟಿಗೆ ಅಧಿಕಾರ ಇದೆ ಅಂದುಕೊಳ್ಳಿ.

ನಾನು ಸೂರತ್ತಿಗೆ ಬಂದದ್ದು 1994ರಲ್ಲಿ. ಬಂದು ಕೆಲವೇ ತಿಂಗಳಾಗಿತ್ತು, ಸೆಪ್ಟೆಂಬರಿನಲ್ಲಿ ಪ್ಲೇಗು ಬಂತು. ಲಕ್ಷಗಟ್ಟಲೆ ಜನ ರೈಲು, ಬಸ್ಸು, ಲಾರಿ ಸಿಕ್ಕಿದ್ದು ಹತ್ತಿ ಊರು ಬಿಟ್ಟರು. ಸತ್ತವರು ಐವತ್ತರ ಆಸುಪಾಸು. ಆದರೆ ಹೆದರಿಕೆಗೆ ಲೆಕ್ಕ ಇರಲಿಲ್ಲ. ಊರಿನಲ್ಲಿ ಪೇಪರ್ ಓದಿದವರೆಲ್ಲ ನಾನು ಹೋಗಿಯೇಬಿಟ್ಟೆ ಅಂತ ತಿಳಿದಿದ್ದರು. ಎಸ್‌ಟಿಡಿ ಬೂತಿನ ಮುಂದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡವರ ಸಾಲು. ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ. ದೊಡ್ಡಪ್ಪನ ಮನೆಯ ನಂಬರೇ ನಮ್ಮ 'ಪಿಪಿ ನಂಬರ್'. ಅಲ್ಲಿಗೆ ಫೋನು ಹಚ್ಚಿ, "ಅಮ್ಮನ್ನ ಕರೀರಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ" ಅಂತ ಹೇಳಿ ಇಡೋದು. ಆ ಹತ್ತು ನಿಮಿಷ ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲೋದು. ಅಮ್ಮ ಗದ್ದೆ ಅಂಚಿನಲ್ಲಿ ಓಡಿ ಬಂದು ಏದುಸಿರು ಬಿಡುತ್ತಾ "ಇದ್ದೀಯೇನೋ?" ಅಂದರು. ಬೂತಿನ ಮೀಟರಿನ ಕೆಂಪು ಅಂಕಿ ಓಡುತ್ತಲೇ ಇತ್ತು. ರಾತ್ರಿ 11ರ ಮೇಲೆ ಕಾಲು ದರ ಇತ್ತು ನಿಜ, ಆದರೆ ಆ ಹೊತ್ತಿಗೆ ದೊಡ್ಡಪ್ಪನ ಮನೆಯವರನ್ನು ಎಬ್ಬಿಸೋದು ಹೇಗೆ?

ಆ ದೊಡ್ಡಪ್ಪನ ಮನೆಗೆ ಫೋನು ಬಂದ ಕಥೆಯಲ್ಲಿ ಗುಜರಾತಿಗೂ ಕರ್ನಾಟಕಕ್ಕೂ ಒಂದು ನಂಟಿದೆ. ಒಡಿಶಾದ ತಿತಲಾಗಢದಲ್ಲಿ ಗುಜರಾತಿ ಮನೆಯಲ್ಲಿ ಹುಟ್ಟಿದ ಸ್ಯಾಮ್ ಪಿತ್ರೋಡಾ ಎಂಎಸ್ಸಿ ಓದಿದ್ದು ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. 1964ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಎಲೆಕ್ಟ್ರಾನಿಕ್ ಸ್ವಿಚ್ಚಿಂಗಿನಲ್ಲಿ ಹೆಸರು ಮಾಡಿ, ವಾಪಸು ಬಂದರು. 1984ರಲ್ಲಿ ಸಿ-ಡಾಟ್ ಶುರುವಾಯಿತು. ಎಸಿ ಇಲ್ಲದೆ, ಧೂಳು ಸೆಕೆಗಳಲ್ಲಿ ನಡೆಯುವ 128 ಲೈನಿನ ಪುಟ್ಟ ಹಳ್ಳಿ ಎಕ್ಸ್‌ಚೇಂಜನ್ನು ಅವರು ಮಾಡಿದರು. ಮೊದಲನೆಯದನ್ನು 1986ರ ಜುಲೈಯಲ್ಲಿ ಎಲ್ಲಿ ಕೂರಿಸಿದರು ಗೊತ್ತೇ? ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ! ಚೆನ್ನಮ್ಮನ ಊರು ಅಂತ ಎಲ್ಲರಿಗೂ ಗೊತ್ತು, ಇದು ಗೊತ್ತಿರುವವರು ಕಡಿಮೆ. ವಡೋದರಾದ ವಿಶ್ವವಿದ್ಯಾಲಯದ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಕಿತ್ತೂರು ನೆನಪಾಗುತ್ತದೆ.

ಆಮೇಲೆ ಮೊಬೈಲು. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖ್‌ರಾಮ್ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಗುಜರಾತ್ ವಲಯಕ್ಕೆ ಮೊಬೈಲು ಬಂದದ್ದು 1997ರಲ್ಲಿ. ಫ್ಯಾಸೆಲ್ ಕಂಪನಿಯ ಸೆಲ್‌ಫೋರ್ಸ್ ಒಂದು, ಬಿರ್ಲಾ ಎಟಿ ಅಂಡ್ ಟಿ ಇನ್ನೊಂದು. ಸೆಲ್‌ಫೋರ್ಸು ಮುಂದೆ ಹಚ್ ಆಗಿ, 2007ರಲ್ಲಿ ವೊಡಾಫೋನ್ ಆಯಿತು. ಬಿರ್ಲಾದ್ದು ಐಡಿಯಾ ಆಯಿತು. ಕೊನೆಗೆ 2018ರಲ್ಲಿ ಎರಡೂ ಒಂದೇ ಕಂಪನಿ! ಹೊಡೆದಾಡಿಕೊಂಡ ದಾಯಾದಿಗಳು ಮುಪ್ಪಿನಲ್ಲಿ ಒಂದೇ ಮನೆ ಸೇರಿದ ಹಾಗೆ. ಆರಂಭದಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೂ ದರ ಇತ್ತು, ಬಂದ ಕರೆಗೂ ದುಡ್ಡು. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಆದರೆ ಗುಜರಾತಿನ ಸಿಮ್ ಹಾಕಿಕೊಂಡು ಊರಿಗೆ ಹೋದರೆ ರೋಮಿಂಗು. ರಜೆಯಲ್ಲಿ ಊರಿನಲ್ಲಿದ್ದಾಗ ಆಫೀಸಿನವರು ಫೋನು ಮಾಡಿ "ಕೆಮ್ ಛೋ" ಅಂತ ಕ್ಷೇಮ ಸಮಾಚಾರ ಶುರು ಮಾಡಿದರೆ ಇಲ್ಲಿ ಎದೆ ಢವಢವ. ಬಿಎಸ್ಸೆನ್ನೆಲ್ 2015ರ ಜೂನಿನಲ್ಲಿ ರೋಮಿಂಗಿನಲ್ಲೂ ಒಳಬರುವ ಕರೆಯನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ರೋಮಿಂಗ್ ಅನ್ನೋ ಪದವೇ ಮಾಸಿಹೋಯಿತು.

ದರ ಇಳಿಯಿತು, ಸರಿ. ಆದರೆ ಮನೆಯೊಳಗೆ ಸಿಗ್ನಲ್ಲೂ ಇಳಿಯಿತಲ್ಲ! ಇದಕ್ಕೆ ಕಾರಣ ಇದೆ. ಮೊದಲ ಮೊಬೈಲುಗಳು 900 ಮೆಗಾಹರ್ಟ್ಸ್ ತರಂಗದಲ್ಲಿ ನಡೆಯುತ್ತಿದ್ದವು, ಅದು ಗೋಡೆ ದಾಟಿ ಬರುವುದರಲ್ಲಿ ಗಟ್ಟಿ. ಗಿರಾಕಿ ಹೆಚ್ಚಾದ ಹಾಗೆ 1800, 3ಜಿಗೆ 2100, 4ಜಿಗೆ 1800 ಮತ್ತು 2300 ಅಂತ ಮೇಲೆ ಮೇಲೆ ಹೋದರು. ಹೆಚ್ಚು ಮೆಗಾಹರ್ಟ್ಸಿನ ತರಂಗ ಡೇಟಾ ಹೆಚ್ಚು ಹೊರುತ್ತದೆ, ಗೋಡೆ ಕಂಡರೆ ಸುಸ್ತಾಗುತ್ತದೆ. ಕಟ್ಟಡಗಳೂ ಬದಲಾದವು. ಅಹಮದಾಬಾದಿನ ಹಳೇ ಪೋಳುಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆ, ದಪ್ಪ ಇಟ್ಟಿಗೆ ಗೋಡೆ, ಸಂದಿಯಂಥ ಓಣಿ. 2017ರಲ್ಲಿ ಯುನೆಸ್ಕೋ ಆ ಹಳೇ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಆದರೆ ಒಳಕೋಣೆಯಲ್ಲಿ ಕೂತು ಫೋನು ಮಾಡುವವನಿಗೆ ಅದರಿಂದ ಏನು ಬಂತು? ಹೊಸ ಕಡೆ ನೋಡಿದರೆ ಕಾಂಕ್ರೀಟು, ಬಿಸಿಲು ತಡೆಯಲು ಲೋಹದ ತೆಳು ಲೇಪ ಇರುವ ಗಾಜು. ಆ ಗಾಜು ಬಿಸಿಲಿನ ಜೊತೆ ಸಿಗ್ನಲ್ಲನ್ನೂ ಹೊರಗೇ ನಿಲ್ಲಿಸುತ್ತದೆ. ಇನ್ನು ನಮ್ಮ ಬ್ಯಾಂಕುಗಳ ಲಾಕರ್ ರೂಮು, ನೆಲಮಾಳಿಗೆಯಲ್ಲಿ, ಸುತ್ತ ಸರಳು ತುಂಬಿದ ಗೋಡೆ. ಒಳಗೆ ಹೋದ ಮ್ಯಾನೇಜರನ್ನು ದೇವರೂ ಫೋನಿನಲ್ಲಿ ಹಿಡಿಯಲಾರ. (ಕೆಲವು ಮ್ಯಾನೇಜರುಗಳಿಗೆ ಅದು ಇಷ್ಟವೂ ಹೌದು.)

ಗೋಡೆಯೊಳಗೆ ಟವರ್ ಬರದಿದ್ದರೇನಂತೆ, ಇಂಟರ್ನೆಟ್ಟಿನ ತಂತಿ ಬಂದಿದೆಯಲ್ಲ, ಅದರಲ್ಲೇ ಮೊಬೈಲ್ ಕರೆ ಕಳಿಸಿದರಾಯಿತು. ಈ ಯೋಚನೆ ಹೊಸದಲ್ಲ. ಬ್ರಿಟನ್ನಿನಲ್ಲಿ ಬಿಟಿ ಕಂಪನಿ 2005ರಲ್ಲೇ 'ಫ್ಯೂಷನ್' ಅಂತ ಒಂದು ಸೇವೆ ತಂದಿತ್ತು. ಮನೆಯೊಳಗೆ ಬಂದರೆ ಮೊದಲು ಬ್ಲೂಟೂತು, ಆಮೇಲೆ ವೈಫೈ. ಅಮೆರಿಕದಲ್ಲಿ ಟಿ-ಮೊಬೈಲ್ 2007ರಲ್ಲಿ ವೈಫೈ ಮೇಲೆ ಕರೆ ಮಾಡುವ ಫೋನು ಮಾರಿತು. ಆಗ ನಮ್ಮಲ್ಲಿ? 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡು. ವೈಫೈಯ 2.4 ಗಿಗಾಹರ್ಟ್ಸ್ ತರಂಗವನ್ನು ಲೈಸೆನ್ಸಿನ ಕಾಟದಿಂದ ಪೂರ್ತಿ ಬಿಡಿಸಿದ್ದು 2005ರ ಜನವರಿಯಲ್ಲಿ.

ತಂತ್ರಜ್ಞಾನಕ್ಕಿಂತ ದೊಡ್ಡ ಗೋಡೆ ಕಾನೂನಿನದ್ದು. 2002ರ ಏಪ್ರಿಲ್ 1ರಿಂದ ಸರ್ಕಾರ ಇಂಟರ್ನೆಟ್ ಫೋನಿಗೆ ಅನುಮತಿ ಕೊಟ್ಟಿತು, ಆದರೆ ಅರ್ಧ ಮನಸ್ಸಿನಿಂದ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಕಂಪ್ಯೂಟರಿನಿಂದ ವಿದೇಶದ ಫೋನಿಗೂ ಮಾಡಬಹುದು. ದೇಶದೊಳಗಿನ ಮಾಮೂಲಿ ಫೋನಿಗೆ ಮಾತ್ರ ಮಾಡಬಾರದು! ಅಂದರೆ ಅಹಮದಾಬಾದಿನ ಸೈಬರ್ ಕೆಫೆಯಲ್ಲಿ ಕೂತ ಪಟೇಲರು ನ್ಯೂಜೆರ್ಸಿಯ ಮಗನ ಮನೆ ಫೋನಿಗೆ ಅಗ್ಗದಲ್ಲಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಶಿವಮೊಗ್ಗ ಜಿಲ್ಲೆಯ ಅಮ್ಮನಿಗೆ ಅದೇ ಕಂಪ್ಯೂಟರಿನಿಂದ ಮಾಡುವ ಹಾಗಿರಲಿಲ್ಲ. ಎಸ್‌ಟಿಡಿ ಆದಾಯ ಹೋದೀತೆಂಬ ಭಯ ಒಂದು ಕಡೆ, ಕರೆ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದು ಹೇಗೆ ಎಂಬ ಚಿಂತೆ ಇನ್ನೊಂದು ಕಡೆ. ಎರಡನೆಯದು ನ್ಯಾಯವಾದ ಚಿಂತೆ, ಮೊದಲನೆಯದರ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. 2006ರ ಮಾರ್ಚಿನಲ್ಲಿ 'ಒನ್ ಇಂಡಿಯಾ' ಯೋಜನೆಯಿಂದ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಆಯಿತಲ್ಲ, ಆವತ್ತೇ ಆ ಭಯಕ್ಕೆ ಅರ್ಥ ಹೋಗಿತ್ತು.

ಗಂಟು ಬಿಚ್ಚಲು ಮತ್ತೂ ಹನ್ನೆರಡು ವರ್ಷ ಬೇಕಾಯಿತು. ಟ್ರಾಯ್ 2017ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ದೂರಸಂಪರ್ಕ ಇಲಾಖೆ 2018ರ ಜೂನಿನಲ್ಲಿ ಲೈಸೆನ್ಸಿನ ಷರತ್ತು ತಿದ್ದಿತು. ಮರು ತಿಂಗಳೇ ಬಿಎಸ್ಸೆನ್ನೆಲ್ 'ವಿಂಗ್ಸ್' ಅನ್ನೋ ಆಪ್ ತಂದಿತು, ವರ್ಷಕ್ಕೆ 1,099 ರೂಪಾಯಿ. ಆದರೆ ಅದಕ್ಕೆ ಬೇರೆ ನಂಬರು, ಬೇರೆ ಆಪು. ವಯಸ್ಸಾದವರ ಕೈಗೆ ಕೊಡುವಂಥದ್ದಲ್ಲ. ನಿಜವಾದ ವೈಫೈ ಕಾಲಿಂಗು ಬಂದದ್ದು 2019ರ ಡಿಸೆಂಬರಿನಲ್ಲಿ. ಏರ್‌ಟೆಲ್ ದೆಹಲಿಯಲ್ಲಿ ಶುರು ಮಾಡಿತು. ಜಿಯೋ 2020ರ ಜನವರಿಯಲ್ಲಿ ದೇಶಪೂರ್ತಿ ತಂದಿತು. ವಿ ಕಂಪನಿ ಅದೇ ವರ್ಷದ ಕೊನೆಗೆ ಕೆಲವು ವಲಯಗಳಿಂದ ಶುರು ಮಾಡಿತು. ಬಿಎಸ್ಸೆನ್ನೆಲ್ ಎಲ್ಲರಿಗಿಂತ ಹಿಂದೆ, ಬಂದದ್ದು 2025ರಲ್ಲಿ.

ಇದರ ಜಾಣತನ ಇರುವುದು ಸಿಮ್ಮಿನಲ್ಲಿ. ಫೋನು ನಿಮ್ಮ ಮನೆಯ ವೈಫೈ ಮೂಲಕ ಕಂಪನಿಯ ಹೆಬ್ಬಾಗಿಲಿಗೆ ಒಂದು ಗುಪ್ತ ಸುರಂಗ ಕೊರೆಯುತ್ತದೆ. ಬಾಗಿಲಲ್ಲಿ ಸಿಮ್ ತೋರಿಸಿ "ನಾನು ಇಂಥವನು" ಅಂತ ಗುರುತು ಹೇಳುತ್ತದೆ. ಒಳಗೆ ಬಿಟ್ಟರೆ ಮುಗಿಯಿತು, ಟವರಿನಡಿ ನಿಂತಷ್ಟೇ ಲೆಕ್ಕ. ಅದೇ ನಂಬರು, ಅದೇ ಡಯಲು, ಅದೇ ರೀಚಾರ್ಜು. ಐದು ನಿಮಿಷದ ಮಾತಿಗೆ ಸುಮಾರು 5 ಎಂಬಿ ಡೇಟಾ. ಮಾತಾಡುತ್ತಾ ಅಂಗಳಕ್ಕೆ ಬಂದರೆ ಕರೆ ತಾನಾಗಿಯೇ 4ಜಿಗೆ ದಾಟಿಕೊಳ್ಳುತ್ತದೆ. ಜಿಯೋ ಬಂದ ಮೇಲೆ ಮಾತೂ ಡೇಟಾ ಆಗಿಬಿಟ್ಟಿತ್ತಲ್ಲ, ಅದರಿಂದ ಈ ದಾಟುವಿಕೆ ಸುಲಭವಾಯಿತು.

ವಾಟ್ಸಾಪ್ ಕಾಲ್ ಇರುವಾಗ ಇದು ಯಾಕೆ ಅಂತ ನಮ್ಮ ಹುಡುಗರು ಕೇಳುತ್ತಾರೆ. ವಾಟ್ಸಾಪಿನಿಂದ ಡಾಕ್ಟರ ಕ್ಲಿನಿಕ್ಕಿನ ಲ್ಯಾಂಡ್‌ಲೈನಿಗೆ ಮಾಡಲಿಕ್ಕಾಗುತ್ತದೆಯೇ? ಬ್ಯಾಂಕಿನ ಒಟಿಪಿ ಬರುತ್ತದೆಯೇ? ಬ್ಯಾಂಕಿನವನಾಗಿ ನನಗೆ ಈ ಒಟಿಪಿಯೇ ದೊಡ್ಡ ವಿಷಯ. ಪೆನ್ಷನ್ ಖಾತೆಯ ಅಜ್ಜ ಮನೆಯೊಳಗೆ ಫಾರಂ ತುಂಬುತ್ತಾರೆ, ಒಟಿಪಿ ಬರಬೇಕಾದರೆ ಗುಡ್ಡ ಹತ್ತಬೇಕು, ಹತ್ತಿ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆಗ ಏನು ಮಾಡುತ್ತಾರೆ? ಪೇಟೆಯಲ್ಲಿರುವ ಯಾರದೋ ನಂಬರನ್ನು ಖಾತೆಗೆ ಜೋಡಿಸುತ್ತಾರೆ. ಅಲ್ಲಿಂದ ಮೋಸದ ದಾರಿ ತೆರೆಯುತ್ತದೆ. ಕಂಪನಿ ಮತ್ತು ಹ್ಯಾಂಡ್‌ಸೆಟ್ಟು ಎರಡೂ ಒಪ್ಪಿದರೆ ವೈಫೈ ಕಾಲಿಂಗಿನ ಸುರಂಗದಲ್ಲಿ ಎಸ್ಸೆಮ್ಮೆಸ್ಸೂ ಬರುತ್ತದೆ. ಅವರವರ ಹಣದ ಬೀಗದ ಕೈ ಅವರವರ ಹತ್ತಿರವೇ ಉಳಿಯುತ್ತದೆ.

ಜಿಯೋ ಇದನ್ನು ತಂದ ಎರಡೇ ತಿಂಗಳಿಗೆ, 2020ರ ಮಾರ್ಚ್ 25ಕ್ಕೆ, ಲಾಕ್‌ಡೌನು. ಅಹಮದಾಬಾದಿನ ಹಳೇ ನಗರದ ಸುದ್ದಿ ದಿನಾ ಟಿವಿಯಲ್ಲಿ. ಬ್ಯಾಂಕು ಅಗತ್ಯ ಸೇವೆ, ನಾವು ಹೋಗಲೇಬೇಕು. ಊರಿನಲ್ಲಿ ಅಮ್ಮ ಒಬ್ಬರೇ. ಮನೆ ಇರುವುದು ಗುಡ್ಡದ ಬುಡದಲ್ಲಿ, ಟವರು ಸಿಗುವುದು ತೋಟದಾಚೆಯ ದಿಬ್ಬದ ಮೇಲೆ. ಅಕ್ಕಪಕ್ಕದ ಮನೆಯ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅದೇ ದಿಬ್ಬದ ಮೇಲೆ ಕೊಡೆ ಹಿಡಿದು ಕೂರುತ್ತಿದ್ದರು. ಅಮ್ಮನ ಮಂಡಿಗೆ ಆ ದಿಬ್ಬ ಆಗದು. ಆ ಮಳೆಗಾಲ ಪೂರ್ತಿ ವಾರಕ್ಕೆರಡು ಸಲ ಪಕ್ಕದ ಮನೆಯ ಹುಡುಗ ದಿಬ್ಬದಿಂದ "ಅಜ್ಜಿ ಚೆನ್ನಾಗಿದಾರೆ" ಅಂತ ಹೇಳಿದ ಒಂದು ಸಾಲೇ ನನ್ನ ಸಮಾಧಾನ. 1994ರ ಪಿಪಿ ನಂಬರಿಗೇ ವಾಪಸು ಹೋದ ಹಾಗಾಗಿತ್ತು!

ಮಲೆನಾಡಿನ ಎಷ್ಟೋ ಊರುಗಳದ್ದು ಇದೇ ಕಥೆ. ಸಾಗರ ತಾಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಜನ 2021ರ ಸುಮಾರಿಗೆ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಹೋರಾಟಕ್ಕೆ ಇಳಿದರು. ನಾಡಿಗೆ ಬೆಳಕು ಕೊಡಲು ನೆಲ ಮುಳುಗಿಸಿಕೊಂಡವರು ಒಂದು ಟವರಿಗಾಗಿ ಅಂಗಲಾಚಬೇಕಾಯಿತು. ಟವರು ಬರುವ ಮೊದಲೇ ಹಲವು ಹಳ್ಳಿಗೆ ಬಂದದ್ದು ಫೈಬರು. ಕೇಬಲ್ ಟಿವಿ ನಡೆಸುತ್ತಿದ್ದ ಹುಡುಗರೇ ಬಿಎಸ್ಸೆನ್ನೆಲ್ ಫೈಬರಿನ ಏಜೆನ್ಸಿ ಹಿಡಿದು, ಅಡಿಕೆ ಮರ, ಕರೆಂಟು ಕಂಬ ಅಂತ ಸಿಕ್ಕಸಿಕ್ಕಲ್ಲಿ ಕಟ್ಟಿಕೊಂಡು ತೋಟದ ಮನೆಗೆ ತಂದು ಮುಟ್ಟಿಸಿದರು. ನಮ್ಮ ಮನೆಗೆ ಬಂದದ್ದು 2021ರಲ್ಲಿ. ಅಮ್ಮನ ಫೋನಿನ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಒತ್ತಿದ್ದು ನನ್ನ ಅಕ್ಕನ ಮಗಳು. ಅಮ್ಮನಿಗೆ ಅದರ ಹೆಸರೂ ಗೊತ್ತಿಲ್ಲ. "ಈಗ ಒಲೆ ಮುಂದೆ ಕೂತರೂ ಫೋನು ಬರುತ್ತೆ ಕಣೋ" ಅಂತಾರೆ, ಅಷ್ಟೇ.

ಆದರೆ ಕಂಪನಿಗಳು ಇದನ್ನು ಉಚಿತ ಉಪಕಾರ ಅಂತ ಹೇಳಿಕೊಳ್ಳುವಾಗ ಬ್ಯಾಂಕಿನವನ ಕಣ್ಣು ಲೆಕ್ಕ ನೋಡದೆ ಇರುವುದಿಲ್ಲ. ಬ್ರಾಡ್‌ಬ್ಯಾಂಡಿನ ಬಿಲ್ಲು ನಮ್ಮದು, ಮೊಡೆಮ್ಮು ನಮ್ಮದು, ಕರೆಂಟು ನಮ್ಮದು, ಮೇಲೆ ಮೊಬೈಲ್ ರೀಚಾರ್ಜೂ ನಮ್ಮದೇ. ಟವರು ಹಾಕುವ ಖರ್ಚು ಅವರಿಗೆ ಉಳಿಯಿತು. ಇನ್ನೊಂದು ವಿಷಯ. ಹಳೇ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟು ಹೋದರೂ ಅದು ರಿಂಗಾಗುತ್ತಿತ್ತು. 2001ರ ಜನವರಿ 26ರ ಭೂಕಂಪದ ದಿನ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದು ನೂರಾರು ಜನ ಸತ್ತರು, ಎಲ್ಲರೂ ಒಟ್ಟಿಗೆ ಫೋನಿಗೆ ಮುಗಿಬಿದ್ದು ಲೈನು ಜಾಮು. ಆದರೂ ಕತ್ತಲಾದ ಮೇಲೆ, ಕರೆಂಟಿಲ್ಲದ ಮನೆಯಲ್ಲಿ, ಆ ಕಪ್ಪು ಫೋನಿನಲ್ಲೇ ಊರಿಗೆ ಕರೆ ಹೋಯಿತು. ಭುಜ್ ಕಡೆ ಅದೂ ಇಲ್ಲದೆ ಹ್ಯಾಮ್ ರೇಡಿಯೋದವರು ಹೋಗಬೇಕಾಯಿತು. 2006ರ ಆಗಸ್ಟಿನಲ್ಲಿ ತಾಪಿ ನದಿ ಸೂರತ್ತನ್ನು ಮುಳುಗಿಸಿದಾಗಲೂ ಮೊದಲು ಹೋದದ್ದು ಕರೆಂಟು. ಫೈಬರಿನ ಗಾಜಿನೆಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ಕರೆಂಟು ಹೋಯಿತೋ, ಮೊಡೆಮ್ಮು ಆರಿತು, ವೈಫೈ ಹೋಯಿತು, ಅಮ್ಮನೂ ಕೈಗೆ ಸಿಗುವುದಿಲ್ಲ. ಮಲೆನಾಡಿನ ಜುಲೈಯಲ್ಲಿ ಕರೆಂಟಿನ ಗತಿ ನಿಮಗೆ ಹೇಳಬೇಕೇ?

ಅದಕ್ಕೇ ಕಳೆದ ಸಲ ಊರಿಗೆ ಹೋದಾಗ ಮೊಡೆಮ್ಮಿಗೆಂದೇ ಒಂದು ಪುಟ್ಟ ಯುಪಿಎಸ್ಸು ತಗೊಂಡು ಹೋಗಿ ಕೂರಿಸಿ ಬಂದೆ. ನಾಲ್ಕು ಗಂಟೆ ತಡೆಯುತ್ತದೆ. ಆಚೆ ತುದಿಯಲ್ಲಿ ಕೇಬಲಿನ ಹುಡುಗನ ಬ್ಯಾಟರಿಯೂ ತಡೆಯಬೇಕಲ್ಲ, ಅವನ ಹತ್ತಿರ ಕೇಳಿದ್ದಕ್ಕೆ, "ಜನರೇಟರ್ ಇದೆ ಸಾರ್, ಡೀಸೆಲ್ ತರೋಕೆ ಪೇಟೆಗೆ ಹೋಗ್ಬೇಕು" ಅಂದ.