ಚಾಳೀಸು

ಚಾಳೀಸು (ನಾ.): ನಲವತ್ತರ ಆಸುಪಾಸಿನಲ್ಲಿ ಬರುವ ಹತ್ತಿರದ ದೃಷ್ಟಿಯ ಮಂಕು, ಅದಕ್ಕಾಗಿ ಹಾಕಿಕೊಳ್ಳುವ ಕನ್ನಡಕ.

ಸಂಸ್ಕೃತದ 'ಚತ್ವಾರಿಂಶತ್' ಎಂದರೆ ನಲವತ್ತು. ಪ್ರಾಕೃತದಲ್ಲಿ ಸವೆದು ಅದು ಹಿಂದಿಯಲ್ಲಿ 'ಚಾಲೀಸ್', ಮರಾಠಿಯಲ್ಲಿ 'ಚಾಳೀಸ' ಆಯಿತು. ನಲವತ್ತು ಚೌಪಾಯಿಗಳ 'ಹನುಮಾನ್ ಚಾಲೀಸಾ'ದಲ್ಲಿರುವುದೂ ಇದೇ ಪದ. ಕನ್ನಡಕ್ಕೆ ಬಂದಾಗ ಎಣಿಕೆಯ ಅರ್ಥ ಬಿಟ್ಟುಹೋಗಿ, ಆ ವಯಸ್ಸಿನ ಕಣ್ಣಿನ ಅರ್ಥವಷ್ಟೇ ಉಳಿಯಿತು. ಮರಾಠಿಯ 'ಚಾಳಿಶೀ', ತೆಲುಗಿನ 'ಚತ್ವಾರಂ' ಇದರ ಒಡಹುಟ್ಟುಗಳು.

ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಬಿಗಿಯಾಗುತ್ತದೆ. ಹತ್ತಿರದ್ದನ್ನು ನೋಡಲು ಅದು ಬೇಕಾದಷ್ಟು ಉಬ್ಬುವುದಿಲ್ಲ. ಕೂದಲು ನರೆತರೆ ಬಣ್ಣ ಹಚ್ಚಬಹುದು. ಚಾಳೀಸು ಮಾತ್ರ ನಾಲ್ಕು ಜನರ ಎದುರಿಗೇ ಬಯಲಾಗುತ್ತದೆ. ಮದುವೆಯ ಕರೆಯೋಲೆ ಓದಲು ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ. ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದವರ ಕೈಯಿಂದ ಮಗಳು ಸೂಜಿ ಕಸಿದುಕೊಂಡು, "ಅಮ್ಮಾ, ನಿನಗೆ ಚಾಳೀಸು ಬಂತು!" ಎಂದು ನಗುತ್ತಾಳೆ. ಮುಪ್ಪಿನ ಮೊದಲ ಸುದ್ದಿ ಮನೆಯವರ ನಗುವಿನ ಜೊತೆಗೇ ಬರುತ್ತದೆ.

ಬಳಕೆ: 'ಅವನಿಗೆ ಚಾಳೀಸು ಬಂದಿದೆ' ಎಂದರೆ ದೃಷ್ಟಿ; 'ಚಾಳೀಸು ಎಲ್ಲಿಟ್ಟೆ?' ಎಂದರೆ ಕನ್ನಡಕ. ಹೊಸ ಪೀಳಿಗೆ 'ರೀಡಿಂಗ್ ಗ್ಲಾಸ್' ಎನ್ನುತ್ತಿದೆ. ವಯಸ್ಸು, ಕಣ್ಣು, ಕನ್ನಡಕ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಪದವನ್ನು ನಾವು ಬಳಸುತ್ತಲೇ ಇರಬೇಕು.